ಅಪ್‌ಡೇಟ್: ಕಾಲು ಮಡಚದ ನಾಯಿಮರಿ, ಆರನೇ ವಾರದ ಎಕ್ಸ್‌ರೇ ಆಯಿತು

ಏಳು ತಿಂಗಳ ಮರಿಗೆ ತೊಡೆಮೂಳೆ ಮುರಿದು ಆಪರೇಷನ್ ಮಾಡಿ ಲೋಹದ ಪ್ಲೇಟ್ ಹಾಕಿದ್ದಾರೆ, ಕಾಲು ಮಡಚುತ್ತಲೇ ಇಲ್ಲ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಮೂಳೆ ಕೂಡಿದೆ, ಸ್ಕ್ರೂ ಒಂದೂ ಸಡಿಲವಾಗಿಲ್ಲ.

ಮಂಡಿ ಸೆಟೆದೇ ಹೋಗಬಹುದು ಅಂತ ನೀವೆಲ್ಲ ಹೆದರಿಸಿದ್ದೇ ಒಳ್ಳೆಯದಾಯಿತು. ಮರಿಗಳಲ್ಲಿ ತೊಡೆಯ ಮುಂದಿನ ಸ್ನಾಯು ಮುರಿದ ಜಾಗಕ್ಕೆ ಅಂಟಿಕೊಂಡರೆ ಕಾಲು ಕೋಲಿನಂತೆ ಸೆಟೆಯುತ್ತದೆ, ಆಮೇಲೆ ಸರಿಮಾಡುವುದು ಬಹಳ ಕಷ್ಟ. ಡಾಕ್ಟರ್ ತೋರಿಸಿಕೊಟ್ಟ ವ್ಯಾಯಾಮ ಇದು: ಮರಿಯನ್ನು ಪಕ್ಕಕ್ಕೆ ಮಲಗಿಸಿ, 10 ನಿಮಿಷ ಬೆಚ್ಚಗಿನ ಬಟ್ಟೆಯ ಶಾಖ (ಆಪರೇಷನ್ ಆದ ಮೊದಲ ಮೂರು ದಿನ ಮಾತ್ರ ಶಾಖದ ಬದಲು ಐಸ್). ಒಂದು ಕೈ ಮಂಡಿಗೆ ಆಸರೆ, ಇನ್ನೊಂದರಲ್ಲಿ ಪಾದದ ಮೇಲ್ಭಾಗ ಹಿಡಿದು ನಿಧಾನಕ್ಕೆ ಮಡಚಿ ಬಿಡಿಸುವುದು, 10ರಿಂದ 15 ಸಲ, ದಿನಕ್ಕೆ ಮೂರು ಹೊತ್ತು. ನೋವಾಗಿ ಮರಿ ತುಟಿ ನೆಕ್ಕಿ ಕೈಯತ್ತ ತಿರುಗಿತೋ, ಅಲ್ಲಿಗೇ ನಿಲ್ಲಿಸಬೇಕು.

ನಮ್ಮ ಚಿಕ್ಕಮಗಳೂರು ಕಡೆಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಈ ಕಾಲಿಗೆ ಶತ್ರು. ಕಾಫಿ ಗೋಣಿ ಸುಮ್ಮನೆ ಹಾಸಿದರೆ ಅದೂ ಜಾರುತ್ತದೆ. ಗೋಣಿಯ ಕೆಳಗೆ ರಬ್ಬರ್ ಮ್ಯಾಟ್ ಬೇಕು. ಮಳೆಗಾಲದಲ್ಲಿ ಗೋಣಿ ದಿನಾ ಬದಲಿಸಿ, ಗೋಣಿ ತೇವವಾಗಿದ್ದರೆ ಆಪರೇಷನ್ನಿನ ಹೊಲಿಗೆ ಕೆಡುತ್ತದೆ.

ಮೂರನೇ ವಾರಕ್ಕೆ ನೋವು ಇಳಿದು ಮರಿ ಕುಣಿಯಲು ಶುರುಮಾಡುತ್ತದೆ. ಪ್ಲೇಟ್ ಬಾಗುವುದು, ಸ್ಕ್ರೂ ಕಿತ್ತು ಬರುವುದು ಇಂಥ ಹೊತ್ತಲ್ಲೇ, ಹಾಗಾಗಿ ಬೋನಿನಿಂದ ಬಿಡಲಿಲ್ಲ. ನೋವಿಗೆ ಕೊಟ್ಟ ಮೆಲಾಕ್ಸಿಕ್ಯಾಮ್ ಔಷಧಿ ಊಟದ ಮೇಲೆಯೇ. ವಾಂತಿ, ಕಪ್ಪು ಮಲ ಕಂಡರೆ ನಿಲ್ಲಿಸಿ ಡಾಕ್ಟರ್‌ಗೆ ಫೋನ್ ಮಾಡಬೇಕು. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಐಬುಪ್ರೊಫೇನ್ ನಾಯಿಗೆ ಕೊಡಲೇಬೇಡಿ.

ಇನ್ನು ಹಗ್ಗ ಹಿಡಿದು ಐದೈದು ನಿಮಿಷದ ನಡಿಗೆ, ವಾರಕ್ಕೆ ಐದು ನಿಮಿಷ ಹೆಚ್ಚು. ಮೆಟ್ಟಿಲು ಇನ್ನೂ ಬಂದ್.