ಸ್ಕೂಲಿಗೆ ಕಡಲೇಕಾಯಿ ಹಾಕದ ಎಳ್ಳು-ಬೆಲ್ಲ ಬೇಕಂತೆ, ಹೇಗೆ ಮಾಡೋದು?

ಕರಾವಳಿ ಸೊಸೆ:
ಮಗಳು ಯುಕೆಜಿ. ಜನವರಿ 13ಕ್ಕೆ ಸ್ಕೂಲಲ್ಲಿ ಸಂಕ್ರಾಂತಿ ಮಾಡ್ತಾರೆ. ಹೆಣ್ಣುಮಕ್ಕಳು ಲಂಗ, ಗಂಡುಮಕ್ಕಳು ಪಂಚೆ, ಎಲ್ಲರೂ ಮನೆಯಿಂದ ಎಳ್ಳು-ಬೆಲ್ಲ ತಂದು ಬೀರಬೇಕು. ಇಲ್ಲಿವರೆಗೆ ಸರಿ. ಡೈರಿಯಲ್ಲಿ ಕೆಳಗೆ ಇನ್ನೊಂದು ಸಾಲು ಇದೆ: ಕಡಲೇಕಾಯಿ ಬೀಜ ಹಾಕಬೇಡಿ, ಒಂದು ಮಗುವಿಗೆ ಅಲರ್ಜಿ.

ನಾನು ಮಂಗಳೂರು ಕಡೆಯವಳು, ನಮ್ಮ ತವರಲ್ಲಿ ಎಳ್ಳು ಬೀರೋ ಪದ್ಧತಿ ಇರಲಿಲ್ಲ. ಅತ್ತೆ ಮಂಡ್ಯದವರು. ಡೈರಿ ಓದಿ ಹೇಳಿದ್ದಕ್ಕೆ "ಬೀಜ ಇಲ್ಲದಿದ್ರೆ ಅದು ನಿಮ್ಮೂರ ಪಂಚಕಜ್ಜಾಯ ಆಗುತ್ತೆ ಅಷ್ಟೆ" ಅಂದರು. ಹೋದ ವರ್ಷ ನಾನೊಬ್ಬಳೇ ಮಾಡಿದ್ದೆ. ಎಲ್ಲ ಒಟ್ಟಿಗೆ ಬೆರೆಸಿ ಡಬ್ಬಿಗೆ ತುಂಬಿಟ್ಟೆ, ಎರಡೇ ದಿನಕ್ಕೆ ಬೆಲ್ಲ ನೀರೊಡೆದು ಹುರಿಗಡಲೆ ಮೆತ್ತಗಾಗಿ ಎಲ್ಲ ಉಂಡೆ ಕಟ್ಟಿತ್ತು. ಈ ಸಲ ಮೂವತ್ತು ಪೊಟ್ಟಣ ಬೇಕು. ಹೇಗೆ?

ಮೈಸೂರಿನ ಅಜ್ಜಿ ಮನೆ:
ಬೆರೆಸಿದ್ದೇ ತಪ್ಪು ಕಣಮ್ಮ. ಬೆಲ್ಲ, ಕೊಬ್ಬರಿ ಎರಡರಲ್ಲೂ ತೇವ ಇರುತ್ತೆ. ಈಗಲೇ ಹೆಚ್ಚಿ ಬೇರೆ ಬೇರೆ ಮೊರದಲ್ಲಿ ಹರವಿ, ಮೂರು ನಾಲ್ಕು ದಿನ ಬಿಸಿಲಿಗಿಡು. ಮೇಲೆ ತೆಳು ಪಂಚೆ ಹೊದಿಸು, ಇಲ್ಲದಿದ್ದರೆ ಕಾಗೆಗೆ ಹಬ್ಬ. ಬೆಲ್ಲ ಗಟ್ಟಿ ಅಚ್ಚಿನದೇ ತಗೋ, ಮೆತ್ತನೆ ಬೆಲ್ಲ ಹೆಚ್ಚೋಕೆ ಹೋದರೆ ಪುಡಿಯಾಗುತ್ತೆ. ನಮ್ಮನೇಲಿ ಅಡಕತ್ತರಿಯಲ್ಲೇ ಕತ್ತರಿಸೋದು. ಕೊಬ್ಬರಿ ಮೇಲಿನ ಕಂದು ಸಿಪ್ಪೆ ಪೂರ್ತಿ ಹೆರೆದುಬಿಡು, ಬೆಳ್ಳಗೆ ಕಾಣಬೇಕು. ಬಿಳಿ ಎಳ್ಳು ಸಣ್ಣ ಉರಿಯಲ್ಲಿ ಚಟಪಟ ಅನ್ನೋವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕು. ಬೆರೆಸೋದು 13ರ ಬೆಳಿಗ್ಗೆಯೇ.

ಬೀಜ ಬಿಟ್ಟರೆ ಅಳತೆ ಹೀಗೆ: ಹುರಿಗಡಲೆ ಎರಡು ಲೋಟ, ಕೊಬ್ಬರಿ ಒಂದೂವರೆ, ಬೆಲ್ಲ ಒಂದು, ಎಳ್ಳು ಅರ್ಧ. ಮೇಲೆ ಬಣ್ಣದ ಜೀರಿಗೆ ಮಿಠಾಯಿ ಉದುರಿಸು, ಮಕ್ಕಳು ಅದನ್ನೇ ಮೊದಲು ಆರಿಸಿ ತಿನ್ನೋದು. ಅತ್ತೆ ತಲೆ ಕೆಡಿಸ್ಕೋಬೇಡ ಅಂತ ಹೇಳು, ಮನೆಗೆ ಬೀಜ ಹಾಕಿದ್ದು ಬೇರೆ ಮಾಡಿ ಊರೆಲ್ಲ ಬೀರಲಿ.

ಇಬ್ಬರು ಮಕ್ಕಳ ಅಪ್ಪ:
ಒಂದು ಮಾತು ಸೇರಿಸ್ತೀನಿ, ನನ್ನ ಮಗನಿಗೂ ಇದೇ ಅಲರ್ಜಿ. ಬೀಜ ಹಾಕದಿದ್ದರೆ ಸಾಕು ಅಂದ್ಕೋಬೇಡಿ. ಬೀಜ ಹುರಿದ ಬಾಣಲಿಯಲ್ಲೇ ಎಳ್ಳು ಹುರಿದರೆ, ಬೀಜ ಹರವಿದ್ದ ಮೊರದಲ್ಲೇ ಕೊಬ್ಬರಿ ಹಾಕಿದರೆ ಮಾಡಿದ್ದೆಲ್ಲ ದಂಡ. ಸ್ಕೂಲಿನದ್ದು ಮೊದಲು ಮಾಡಿ ಪೊಟ್ಟಣ ಕಟ್ಟಿಬಿಡಿ, ಆಮೇಲೆ ಮನೆಯದ್ದು. ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡೋ ಹುರಿಗಡಲೆನೂ ಬೇಡ, ಪಕ್ಕದ ಮೂಟೆಯ ಬೀಜ ಅದರಲ್ಲಿ ಬಿದ್ದಿರುತ್ತೆ. ರೆಡಿ ಎಳ್ಳು-ಬೆಲ್ಲದ ಪ್ಯಾಕೆಟ್ ಅಂತೂ ಕೇಳಲೇಬೇಡಿ. ಇನ್ನೊಂದು ವಿಷಯ, ಕೆಲವು ಮಕ್ಕಳಿಗೆ ಎಳ್ಳೂ ಆಗಲ್ಲ. ಟೀಚರ್ ಹತ್ತಿರ ಒಂದು ಸಲ ಕೇಳಿಬಿಡಿ. ನನ್ನ ಮಗ ಹೋದ ವರ್ಷ ಎಲ್ಲರಿಂದ ಪೊಟ್ಟಣ ಇಸ್ಕೊಂಡು ಒಂದೂ ತೆರೆಯದೆ ಮನೆಗೆ ತಂದು ನನ್ನ ಕೈಗೆ ಕೊಟ್ಟಿದ್ದ. ಅದಕ್ಕೇ ಇಷ್ಟು ಉದ್ದ ಬರೆದೆ, ಬೇಜಾರಾಗಬೇಡಿ.

ಧಾರವಾಡ ಪೇಡೆ:
13 ಅಂದ್ರೆ ನಮ್ಮ ಕಡೆ ಭೋಗಿ! ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಗಜ್ಜರಿ, ಅವರೆಕಾಳು ಎಲ್ಲ ಕೂಡಿಸಿದ ಪಲ್ಯ, ಶೇಂಗಾ ಹೋಳಿಗೆ. ಮರುದಿನ ಬುತ್ತಿ ಕಟ್ಟಿಕೊಂಡು ಹೊಳೆ ದಂಡೆಗೆ. ನಿಮಗೆ ಸುಲಭದ ದಾರಿ ಕುಸುರೆಳ್ಳು ಅಕ್ಕಾ. ಬರೀ ಎಳ್ಳು, ಸಕ್ಕರೆ. ಆದರೆ ಮನೆಯಲ್ಲಿ ಮಾಡ್ತೀನಿ ಅಂತ ಹೋಗಬೇಡಿ. ಸಣ್ಣ ಉರಿ ಮೇಲೆ ಪಾಕ ಚಿಮುಕಿಸುತ್ತ, ಬೆರಳಲ್ಲಿ ಆಡಿಸುತ್ತ ಕೂತ್ಕೋಬೇಕು, ಒಂದೊಂದು ಕಾಳಿಗೂ ಮುಳ್ಳು ಏಳಬೇಕು. ನಮ್ಮವ್ವ ಮಾಡ್ತಿದ್ದಳು. ಬೆರಳು ಸುಟ್ಟುಕೊಂಡು ನಮಗೆ ಬಯ್ಯೋಳು, ಹತ್ತಿರ ಹೋದರೆ ಒಂದು ಚಿಟಿಕೆ ಬಾಯಿಗೆ ಹಾಕೋಳು. ನಾನಂತೂ ಈಗ ಅಂಗಡಿಯದೇ ತರೋದು.

ಆಫೀಸ್ ಬಸ್ಸು:
ಸಕ್ಕರೆ ಅಚ್ಚು ಯಾಕಾಗಬಾರದು? ಮರದ ಅಚ್ಚನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಸೋದು ಮಾತ್ರ ಮರೀಬೇಡಿ. ನಾನು ಮರೆತಿದ್ದೆ. ಆರು ಆನೆ ಹುಯ್ದೆ, ಒಂದಕ್ಕೂ ಸೊಂಡಿಲು ಬರಲಿಲ್ಲ.

ಕರಾವಳಿ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಟೀಚರ್‌ಗೆ ಫೋನ್ ಮಾಡಿದೆ, ಎಳ್ಳು ಪರವಾಗಿಲ್ಲವಂತೆ. ಆ ಮಗುವಿನ ಅಮ್ಮನ ಜೊತೆನೂ ಮಾತಾಡಿಸಿದರು, ಪಾಪ ಅವರೇ ಸಾರಿ ಕೇಳ್ತಾ ಇದ್ದರು. ಅಪ್ಪ ಸರ್, ನಿಮ್ಮ ಮಗನ ವಿಷಯ ಅತ್ತೆಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಟ್ಟದಿಂದ ಹೊಸ ಬಾಣಲಿ ಇಳಿಸಿ ತೊಳೀತಾ ಇದ್ದರು. ಇವರಿಗೆ ಕೊಬ್ಬರಿ ಹೆರೆಯೋ ಕೆಲಸ ಕೊಟ್ಟಿದ್ದೀನಿ, ನಾಲ್ಕು ಗಿಟುಕು ಆಗೋಷ್ಟರಲ್ಲಿ ಹೆಬ್ಬೆರಳು ತೋರಿಸ್ಕೊಂಡು ಓಡಾಡ್ತಿದ್ದಾರೆ. ಇನ್ನೂ ಆರು ಬಾಕಿ.