ಅಮೆರಿಕದ ಉಪನಗರವನ್ನು ಕಟ್ಟಿದ್ದು ಕಾರೋ, ಸಾಲದ ನಿಯಮವೋ?

ಹಾಸನದ ರಾಘು:
ಅಮೆರಿಕದ ಇಂದಿನ ಬದುಕನ್ನು ರೂಪಿಸಿದ ಶಕ್ತಿಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನನ್ನ ಉತ್ತರ ಕಾರು. ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರನ್ನು ತಂದಾಗ ಅದರ ಬೆಲೆ 850 ಡಾಲರ್ ಇತ್ತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ ಬೆಲೆ ಇಳಿಯುತ್ತಾ ಹೋಗಿ, 1920ರ ದಶಕದ ನಡುವಿನ ಹೊತ್ತಿಗೆ 300 ಡಾಲರಿಗೂ ಕೆಳಗೆ ಬಂತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯ್ದೆ 41,000 ಮೈಲಿ ರಸ್ತೆಗೆ ಅಡಿಪಾಯ ಹಾಕಿತು, ವೆಚ್ಚದ ಶೇ. 90ರಷ್ಟನ್ನು ಕೇಂದ್ರ ಸರ್ಕಾರವೇ ಹೊತ್ತಿತು. ಊರಾಚೆಯ ಒಂಟಿ ಮನೆ, ಮನೆ ಮುಂದಿನ ಹುಲ್ಲುಹಾಸು, ಗ್ಯಾರೇಜು, ದೂರದ ಮಾಲ್, ಇವೆಲ್ಲವೂ ಗಾಲಿಯ ಮೇಲೆ ಬಂದವು ಎಂಬುದು ನನ್ನ ನಂಬಿಕೆ.

ಡೆಟ್ರಾಯ್ಟ್ ಕನ್ನಡತಿ:
ರಾಘು ಅವರೇ, ನೀವು ಹೇಳುವ ಕಾರಿನ ಊರಾದ ಡೆಟ್ರಾಯ್ಟಿನಲ್ಲೇ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ಏಟ್ ಮೈಲ್ ರಸ್ತೆಯ ದಕ್ಷಿಣಕ್ಕೆ ಒಂದು ಕಾಂಕ್ರೀಟ್ ಗೋಡೆಯಿದೆ. ಆರಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದ. ಒಂದು ಕಡೆ ಆಟದ ಮೈದಾನಕ್ಕೆ ತಾಗಿರುವ ಭಾಗದ ಮೇಲೆ ಬಣ್ಣದ ಚಿತ್ರಗಳಿವೆ. ಉಳಿದ ಕಡೆ ಅದು ಮನೆಗಳ ಹಿತ್ತಿಲಲ್ಲಿ ಹಾದುಹೋಗುತ್ತದೆ. ನೋಡಿದವರಿಗೆ ಸಾಮಾನ್ಯ ಕಾಂಪೌಂಡಿನಂತೆಯೇ ಕಾಣುತ್ತದೆ, ಕೊನೆಯವರೆಗೆ ನಡೆದರೆ ಯಾರು ಬೇಕಾದರೂ ಆಚೆಗೆ ದಾಟಬಹುದು. ಹಾಗಿದ್ದರೆ ಏಕೆ ಕಟ್ಟಿದರು? ಕಪ್ಪು ಜನರು ಮೊದಲಿನಿಂದ ವಾಸವಿದ್ದ ಜಾಗದ ಪಕ್ಕದಲ್ಲಿ 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗೆಂದೇ ಬಡಾವಣೆ ಮಾಡಹೊರಟಾಗ, ನೆರೆಯಲ್ಲಿ ಕಪ್ಪು ಜನರಿದ್ದಾರೆಂಬ ಕಾರಣಕ್ಕೆ ಆ ಮನೆಗಳ ಸಾಲಕ್ಕೆ ಸರ್ಕಾರದ ಬೆಂಬಲ ಸಿಗಲಿಲ್ಲ. ನಡುವೆ ಗೋಡೆ ಎದ್ದ ಮೇಲೆ ಸಿಕ್ಕಿತು. ಆ ಗೋಡೆಯನ್ನು ಕೈಯಿಂದ ಮುಟ್ಟಿ ಬಂದ ದಿನದಿಂದ, ಈ ದೇಶವನ್ನು ಕಾರು ಕಟ್ಟಿತೆಂಬ ಮಾತನ್ನು ಒಪ್ಪಲು ನನಗೆ ಸಾಧ್ಯವಾಗಿಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು:
ಆ ಗೋಡೆ ಕಟ್ಟಿಸಿದ ನಿಯಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1930ರ ದಶಕಕ್ಕೆ ಮೊದಲು ಅಮೆರಿಕದಲ್ಲಿ ಮನೆ ಕೊಳ್ಳುವವರು ಸಾಮಾನ್ಯವಾಗಿ ಬೆಲೆಯ ಅರ್ಧದಷ್ಟನ್ನು ಕೈಯಿಂದ ಹಾಕಿ, ಉಳಿದ ಸಾಲವನ್ನು ಐದರಿಂದ ಹತ್ತು ವರ್ಷದೊಳಗೆ ತೀರಿಸಬೇಕಿತ್ತು. ಆರ್ಥಿಕ ಮಹಾಕುಸಿತದಲ್ಲಿ ಅಸಂಖ್ಯ ಕುಟುಂಬಗಳು ಮನೆ ಕಳೆದುಕೊಂಡ ಮೇಲೆ, 1934ರಲ್ಲಿ ಹುಟ್ಟಿದ ಎಫ್‌ಎಚ್‌ಎ ಎಂಬ ಫೆಡರಲ್ ವಸತಿ ಸಂಸ್ಥೆಯು, ಸಾಲಗಾರ ಕಂತು ತಪ್ಪಿಸಿದರೆ ಬ್ಯಾಂಕಿನ ನಷ್ಟವನ್ನು ತಾನು ತುಂಬಿಕೊಡುವುದಾಗಿ ವಿಮೆ ನೀಡತೊಡಗಿತು. ಬ್ಯಾಂಕುಗಳ ಭಯ ಹೋಯಿತು, ಸಾಲದ ಅವಧಿ ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಹಿಗ್ಗಿತು, ತಿಂಗಳ ಕಂತು ಬಾಡಿಗೆಗಿಂತ ಹಗುರವಾದದ್ದೂ ಉಂಟು. ಆದರೆ ಯಾವ ಮನೆಗೆ ವಿಮೆ ಕೊಡಬಹುದೆಂದು ಹೇಳುವ ಆ ಸಂಸ್ಥೆಯ ಕೈಪಿಡಿಯೇ, ಬೇರೆ ಬೇರೆ ಜನಾಂಗದವರು ಒಂದೇ ಕಡೆ ನೆಲೆಸಿದರೆ ಆಸ್ತಿಯ ಬೆಲೆ ಕುಸಿಯುತ್ತದೆ ಎಂದು ನಂಬಿಸಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಪಾಯದ ಪ್ರದೇಶಗಳನ್ನು ಕೆಂಪು ಬಣ್ಣದಲ್ಲಿ ಗುರುತಿಸಿದ ನಕ್ಷೆಗಳೇ ಎಲ್ಲಕ್ಕೂ ಮೂಲವೆಂದು ಅನೇಕರು ಬರೆಯುತ್ತಾರೆ. ಆ ನಕ್ಷೆಗಳನ್ನು ಬರೆಸಿದ್ದು 1933ರಲ್ಲಿ ಸ್ಥಾಪನೆಯಾದ ಇನ್ನೊಂದು ಸಂಸ್ಥೆ. ನಕ್ಷೆಗಳು ಸಿದ್ಧವಾಗುವ ಮೊದಲೇ ಅದು ತನ್ನ ಬಹುಪಾಲು ಸಾಲ ಕೊಟ್ಟು ಮುಗಿಸಿತ್ತು, ಕಪ್ಪು ಜನರಿಗೂ ಕೊಟ್ಟಿತ್ತು. ಆದ್ದರಿಂದ ನಮ್ಮ ದೃಷ್ಟಿ ನಕ್ಷೆಯ ಬಣ್ಣಕ್ಕಿಂತ ಹೆಚ್ಚಾಗಿ ಎಫ್‌ಎಚ್‌ಎ ಕೈಪಿಡಿಯ ಮೇಲಿರಬೇಕು.

ಹಾಸನದ ರಾಘು:
ಮೇಷ್ಟ್ರೇ, ನಿಯಮ ಬರುವುದಕ್ಕೆ ಮೊದಲೇ ದ್ವೇಷ ಇತ್ತಲ್ಲವೇ? 1919ರಲ್ಲಿ ಷಿಕಾಗೋ ನಗರದ ಅಂಚಿನ ಮಿಷಿಗನ್ ಸರೋವರದ ನೀರಿನಲ್ಲಿ, ಕಣ್ಣಿಗೆ ಕಾಣದ ಒಂದು ಗಡಿಯನ್ನು ಕಪ್ಪು ಹುಡುಗನೊಬ್ಬ ದಾಟಿದನೆಂಬ ಕಾರಣಕ್ಕೆ ಅವನತ್ತ ಕಲ್ಲು ತೂರಿ, ಅವನು ಮುಳುಗಿ ಸತ್ತು, ಮುಂದಿನ ಗಲಭೆಯಲ್ಲಿ ಒಟ್ಟು 38 ಮಂದಿ ಪ್ರಾಣ ಕಳೆದುಕೊಂಡರು. ಆಗ ಎಫ್‌ಎಚ್‌ಎ ಹುಟ್ಟಿರಲಿಲ್ಲ. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಮನೆ ಸಾಲ ಮುಂತಾದ ನೆರವಿಗಾಗಿ 1944ರಲ್ಲಿ ಮಾಡಿದ ಜಿಐ ಕಾಯ್ದೆಯಲ್ಲಿ ಬಣ್ಣದ ಮಾತೇ ಇಲ್ಲ. ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನ ಆಲೂಗಡ್ಡೆ ಹೊಲಗಳಲ್ಲಿ 1947ರಿಂದ 1951ರೊಳಗೆ 17,000ಕ್ಕೂ ಹೆಚ್ಚು ಮನೆ ಕಟ್ಟಿದ ಲೆವಿಟೌನ್ ಬಡಾವಣೆಯನ್ನೇ ನೋಡಿ. ಕೆಲಸವನ್ನು 27 ಹಂತಗಳಾಗಿ ಒಡೆದು, ಒಂದೊಂದು ತಂಡವೂ ಮನೆಯಿಂದ ಮನೆಗೆ ಹೋಗಿ ತನ್ನ ಹಂತವನ್ನಷ್ಟೇ ಮುಗಿಸುತ್ತಿತ್ತು. ಮೊದಲ ಮನೆಗಳ ವಿಸ್ತೀರ್ಣ 750 ಚದರ ಅಡಿ, ಎರಡು ಮಲಗುವ ಕೋಣೆ, ಅಡುಗೆಮನೆಯಲ್ಲಿ ಆಗಲೇ ಜೋಡಿಸಿಟ್ಟ ಒಲೆ ಮತ್ತು ಫ್ರಿಜ್. ಇದು ಫೋರ್ಡನ ಕಾರ್ಖಾನೆಯ ಪದ್ಧತಿಯೇ ತಾನೆ?

ಮಿನಿಯಾಪೊಲಿಸ್ ವಾಸಿ:
ಇಷ್ಟು ದಿನ ಓದುತ್ತಿದ್ದೆ, ಇಂದು ಬರೆಯಬೇಕೆನ್ನಿಸಿತು. ನಮ್ಮ ಮನೆ 1940ರ ದಶಕದ್ದು. ಕೊಂಡಾಗ ಹಳೆಯ ಕಾಗದಪತ್ರಗಳನ್ನು ಬಿಚ್ಚಿ ಕೂತೆ. ಒಳಚರಂಡಿ, ಬೇಲಿಯ ಎತ್ತರ ಇಂತಹ ಷರತ್ತುಗಳ ನಡುವೆ, ಈ ಆಸ್ತಿಯನ್ನು ಬಿಳಿಯರಲ್ಲದವರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂದು ಬರೆದಿತ್ತು. ಕೋಪದ ಅಥವಾ ನಿಂದೆಯ ಒಂದು ಪದವೂ ಅದರಲ್ಲಿರಲಿಲ್ಲ. ಟೈಪು ಮಾಡಿದ ಅಚ್ಚುಕಟ್ಟಾದ ಒಂದೇ ಸಾಲು. ನನ್ನ ಹೆಂಡತಿ ಅದನ್ನು ಎರಡು ಸಲ ಓದಿ, ನಾವೂ ಅದರಲ್ಲಿ ಬರುತ್ತೇವಲ್ಲ ಎಂದಳು. ರಾಘು ಅವರೇ, ದ್ವೇಷ ಮೊದಲೇ ಇತ್ತು, ನಿಜ. ಈ ನಗರದಲ್ಲಿ ಇಂತಹ ಷರತ್ತು 1910ರಷ್ಟು ಹಿಂದೆಯೇ ಬಂದಿದೆ. ಆದರೆ ಮನಸ್ಸಿನಲ್ಲಿರುವುದು ಆ ಮನುಷ್ಯನೊಂದಿಗೆ ಮುಗಿಯುತ್ತದೆ, ಕ್ರಯಪತ್ರದಲ್ಲಿ ಬರೆದದ್ದು ಮುಂದಿನ ಒಡೆಯನಿಗೂ ಹೋಗುತ್ತದೆ.

ನಿವೃತ್ತ ಮೇಷ್ಟ್ರು, ಮೈಸೂರು:
ಸುಪ್ರೀಂ ಕೋರ್ಟು 1948ರಲ್ಲಿ, ಸೇಂಟ್ ಲೂಯಿಯ ಶೆಲ್ಲಿ ಕುಟುಂಬದ ಮೊಕದ್ದಮೆಯಲ್ಲಿ, ಅಂತಹ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಲಾಗದು ಎಂದಿತು. ಷರತ್ತು ಬರೆಯುವುದನ್ನು ಮಾತ್ರ ಅದು ತಡೆಯಲಿಲ್ಲ. ಜಿಐ ಕಾಯ್ದೆಯ ಮಾತಿಗೆ ಬಂದರೆ, ಅದರ ಪಠ್ಯದಲ್ಲಿ ಬಣ್ಣ ಇರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಅದರಡಿ ಸಾಲ ಕೊಡಬೇಕಾದದ್ದು ಊರಿನ ಬ್ಯಾಂಕು. ಮಿಸಿಸಿಪ್ಪಿಯಲ್ಲಿ 1947ರಲ್ಲಿ ಸರ್ಕಾರ ಖಾತರಿ ಕೊಟ್ಟ 3,200ಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಸೈನಿಕರಿಗೆ ದೊರೆತದ್ದು ಎರಡು. ನೀವು ಮೆಚ್ಚಿ ವರ್ಣಿಸಿದ ಲೆವಿಟೌನಿನ ಆರಂಭದ ಕರಾರಿನಲ್ಲೂ ಬಿಳಿಯರಲ್ಲದವರು ವಾಸಿಸಬಾರದೆಂಬ ಕಲಮು ಇತ್ತು. ಪೆನ್ಸಿಲ್ವೇನಿಯಾದಲ್ಲಿ ಅದೇ ಹೆಸರಿನ ಇನ್ನೊಂದು ಲೆವಿಟೌನಿಗೆ 1957ರಲ್ಲಿ ಮೈಯರ್ಸ್ ಎಂಬ ಕಪ್ಪು ದಂಪತಿ ಬಂದಾಗ, ಅವರ ಮನೆಯ ಮುಂದೆ ಜನ ಗುಂಪುಗೂಡಿ ಕಲ್ಲೆಸೆದದ್ದಕ್ಕೆ ರಾಜ್ಯದ ಪೊಲೀಸರೇ ಬರಬೇಕಾಯಿತು.

ಡೆಟ್ರಾಯ್ಟ್ ಕನ್ನಡತಿ:
ರಾಘು ಅವರು ಕಾಲಕ್ರಮವನ್ನೂ ಗಮನಿಸಬೇಕು. ಲೆವಿಟೌನ್ 1947ರದ್ದು, ಹೆದ್ದಾರಿ ಕಾಯ್ದೆ 1956ರದ್ದು. ಹೆದ್ದಾರಿ ಬರುವ ಮೊದಲೇ ಸಾಲ ಬಿಳಿಯರನ್ನು ಊರಾಚೆ ಸಾಗಿಸಿಯಾಗಿತ್ತು. ಇಪ್ಪತ್ತನೆಯ ಶತಮಾನದ ಆರು ದಶಕಗಳಲ್ಲಿ ದಕ್ಷಿಣದಿಂದ ಬಂದ ಸುಮಾರು 60 ಲಕ್ಷ ಕಪ್ಪು ಜನರಲ್ಲಿ ಹಲವರಿಗೆ ಡೆಟ್ರಾಯ್ಟಿನಲ್ಲಿ ನೆಲೆ ಸಿಕ್ಕಿದ್ದು ಬ್ಲ್ಯಾಕ್ ಬಾಟಮ್ ಎಂಬ ಕೇರಿಯಲ್ಲಿ. ಅದರ ಹೇಸ್ಟಿಂಗ್ಸ್ ಬೀದಿಯ ಅಂಗಡಿ, ಸಂಗೀತದ ಕ್ಲಬ್ಬುಗಳಿದ್ದ ಜಾಗದಲ್ಲಿ ಈಗ ಹೆದ್ದಾರಿ ಹರಿಯುತ್ತದೆ. ಮಿನಿಯಾಪೊಲಿಸಿನ ಪಕ್ಕದ ಸೇಂಟ್ ಪಾಲ್ ನಗರದಲ್ಲಿ ಕಪ್ಪು ಜನರಿದ್ದ ರಾಂಡೊ ಕೇರಿಗೂ ಅದೇ ಗತಿಯಾಯಿತು.

ನಮ್ಮವರು ಇಲ್ಲಿಗೆ ಹೆಚ್ಚಾಗಿ ಬಂದದ್ದು 1965ರ ವಲಸೆ ಕಾಯ್ದೆಯ ನಂತರ. ಮನೆ ಮಾರುವಾಗ ಜನಾಂಗ ನೋಡಬಾರದೆಂಬ ಕಾನೂನು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ ಬಂತು. ಬೇರೆಯವರು ಹೊಡೆತ ತಿಂದು ತೆರೆಸಿದ ಬಾಗಿಲಿನಿಂದ ನಾವು ಒಳಗೆ ಬಂದೆವು. ಇಂದಿಗೂ ಕನ್ನಡದ ಕುಟುಂಬವೊಂದು ಮನೆ ಹುಡುಕುವಾಗ ಮೊದಲು ಕೇಳುವುದು, ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳ ವಲಯ, ಹೇಗಿದೆ ಎಂದು. ಶಾಲೆಯ ಹಣದ ದೊಡ್ಡ ಪಾಲು ಆ ಊರಿನ ಆಸ್ತಿ ತೆರಿಗೆಯಿಂದ ಬರುವುದರಿಂದ, 1940ರಲ್ಲಿ ಯಾರಿಗೆ ಸಾಲ ಸಿಕ್ಕಿತು ಎಂಬುದು ಇಂದು ಯಾವ ಮಗು ಎಂತಹ ತರಗತಿಯಲ್ಲಿ ಕೂರುತ್ತದೆ ಎಂಬುದರಲ್ಲಿ ಉಳಿದಿದೆ. ಈ ಅಸಮಾನತೆ ಕೇಂದ್ರ ಸಂವಿಧಾನದ ಉಲ್ಲಂಘನೆಯಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲಿ, ಐದಕ್ಕೆ ನಾಲ್ಕು ಮತದಿಂದ ತೀರ್ಮಾನಿಸಿತು.

ಹಾಸನದ ರಾಘು:
ಕಾಲಕ್ರಮದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಹೆದ್ದಾರಿಯನ್ನು ಸಾಲದ ನಂತರ ಇಡುತ್ತೇನೆ. ಆದರೂ ಕಾರಿಲ್ಲದೆ ಆ ಆಲೂಗಡ್ಡೆ ಹೊಲಗಳಲ್ಲಿ ಅಷ್ಟು ಮನೆಗಳು ತುಂಬುತ್ತಿರಲಿಲ್ಲ ಎಂಬುದನ್ನು ಬಿಟ್ಟುಕೊಡಲಾರೆ. ಮಿನಿಯಾಪೊಲಿಸಿನವರೇ, ನಿಮ್ಮ ಪತ್ರದ ಆ ಸಾಲನ್ನು ತೆಗೆಸಲು ಬರುತ್ತದೆಯೇ?

ಮಿನಿಯಾಪೊಲಿಸ್ ವಾಸಿ:
2019ರಲ್ಲಿ ನಮ್ಮ ಮಿನ್ನೆಸೋಟಾ ರಾಜ್ಯ ಅದಕ್ಕೊಂದು ಕಾನೂನು ಮಾಡಿದೆ. ಷರತ್ತನ್ನು ನಿರಾಕರಿಸುವ ಪತ್ರವೊಂದನ್ನು ಸಹಿ ಹಾಕಿ ನೋಂದಾಯಿಸಬಹುದು. ಹಳೆಯ ಸಾಲು ಅಳಿಸಿಹೋಗುವುದಿಲ್ಲ, ಅದರ ಜೊತೆಗೆ ನಮ್ಮ ನಿರಾಕರಣೆಯೂ ದಾಖಲೆಯಲ್ಲಿ ಸೇರುತ್ತದೆ. ನಾವು ಕಳೆದ ಚಳಿಗಾಲದಲ್ಲಿ ಮಾಡಿಸಿದೆವು. ಪಕ್ಕದ ಮನೆಯವರ ಪತ್ರದಲ್ಲೂ ಅದೇ ಸಾಲಿದೆ, ಅವರಿಗೆ ಅರ್ಜಿಯ ನಮೂನೆಯನ್ನು ಕೊಟ್ಟು ಬಂದಿದ್ದೇನೆ.