ನನ್ನ ಬೆನ್ನು, ಮನೆಯವರ ಗುಂಪು

ನನ್ನ ಬೆನ್ನುಮೂಳೆ 54 ಡಿಗ್ರಿ ಡೊಂಕಾಗಿದೆ; ಇದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಮುಂದಿನ ತಿಂಗಳು ಸ್ಕ್ರೂ ಹಾಕಿ ಅದನ್ನು ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆ. ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಪುಟದ ಚಿತ್ರ ಹಾಕಿದರು. ಆಮೇಲೆ ನಡೆದದ್ದನ್ನು ಇಲ್ಲಿ ಇಳಿಸಿದ್ದೇನೆ. ಶುಭೋದಯದ ಹೂವುಗಳನ್ನು ಮಾತ್ರ ಬಿಟ್ಟಿದ್ದೇನೆ.

ದೊಡ್ಡಪ್ಪ: ಎಲ್ಲರೂ ಓದಿ. 2010ರ ವೈದ್ಯಕೀಯ ಲೇಖನ. ಸ್ಕೋಲಿಯೋಸಿಸ್‌ಗೆ ಹಾಕಿದ ಸ್ಕ್ರೂಗಳಲ್ಲಿ ಶೇ. 15.7 ಜಾಗ ತಪ್ಪಿವೆಯಂತೆ. ನಮ್ಮ ಹುಡುಗಿಗೆ 20 ಸ್ಕ್ರೂ ಎಂದಿದ್ದಾರೆ. ಅಂದರೆ ಮೂರು ತಪ್ಪು! ಅದೂ ಬೆನ್ನುಹುರಿಯ ಪಕ್ಕದಲ್ಲಿ!

ಅಕ್ಕ (ದೊಡ್ಡಪ್ಪನ ಮಗಳು): ಅಪ್ಪ, ಅದರ ಮೇಲೆಯೇ ಶೇ. 4.2 ಎಂದೂ ಇದೆ. ಹಳದಿ ಬಣ್ಣ ಬಳಿದದ್ದು ಇದೊಂದಕ್ಕೇ ಏಕೆ?

ದೊಡ್ಡಪ್ಪ: ಒಂದೇ ಪುಟದಲ್ಲಿ ಎರಡು ಲೆಕ್ಕವಿದ್ದರೆ ಬರೆದವರಿಗೇ ಖಾತ್ರಿಯಿಲ್ಲ ಎಂದಾಯಿತು.

ಅತ್ತೆ: ದೊಡ್ಡಣ್ಣ, ಎರಡೂ ಸರಿ. 4.2 ಎಲ್ಲ ವರದಿಗಳನ್ನೂ ಒಟ್ಟು ಸೇರಿಸಿದ್ದು. 15.7 ಶಸ್ತ್ರಚಿಕಿತ್ಸೆಯ ನಂತರ ತಪ್ಪದೆ ಸಿ.ಟಿ. ಸ್ಕ್ಯಾನ್ ಮಾಡಿದವರದ್ದು. ಎಕ್ಸ್‌ರೇಯಲ್ಲಿ ಕಾಣದ್ದು ಅಲ್ಲಿ ಕಂಡಿದೆ. ನರಕ್ಕೆ ಪೆಟ್ಟಾದವರು ತೀರ ಕಡಿಮೆ ಎಂದೂ ಅದೇ ಲೇಖನದಲ್ಲಿದೆ.

(ಅತ್ತೆ ಶಸ್ತ್ರಚಿಕಿತ್ಸಾ ಕೊಠಡಿಯ ನರ್ಸ್ ಆಗಿದ್ದು ನಿವೃತ್ತರಾದವರು. ಅವರು ಬರೆಯಲು ಕುಳಿತರೆ ಬೇರೆಯವರು ಕಾಫಿ ಕುಡಿದು ಬರಬಹುದು.)

ದೊಡ್ಡಪ್ಪ: ಹಾಗಾದರೆ ನಿಜವಾದದ್ದು 15.7. ನಾನು ಹೇಳಿದ್ದೂ ಅದೇ.

ಅತ್ತೆ: ತಪ್ಪಿದ್ದು ಎಷ್ಟು, ಯಾವ ಕಡೆಗೆ? ಗರ್ಟ್ಸ್‌ಬೈನ್ ಮತ್ತು ರಾಬಿನ್ಸ್ ಎಂಬ ವೈದ್ಯರು 1990ರಲ್ಲಿ ಕೊಟ್ಟ ಅಳತೆಯೊಂದಿದೆ. ಸ್ಕ್ರೂ ಪೂರ್ತಿ ಪೆಡಿಕಲ್ ಒಳಗಿದ್ದರೆ ಎ ದರ್ಜೆ, 2 ಮಿಲಿಮೀಟರ್‌ಗಿಂತ ಕಡಿಮೆ ಹೊರಬಂದಿದ್ದರೆ ಬಿ ದರ್ಜೆ. ಇವೆರಡನ್ನೂ ಸಾಮಾನ್ಯವಾಗಿ ಒಪ್ಪುತ್ತಾರೆ. ಪೆಡಿಕಲ್ ಎಂದರೆ ಬೆನ್ನುಮೂಳೆಯ ಒಂದೊಂದು ಎಲುಬಿನ ಹಿಂಭಾಗವನ್ನು ಮುಂಭಾಗಕ್ಕೆ ಜೋಡಿಸುವ ಎಲುಬಿನ ಕುತ್ತಿಗೆ. ಡೊಂಕಿನ ಒಳಮಗ್ಗುಲಲ್ಲಿ ಅದು ಕೆಲವೊಮ್ಮೆ 4 ಮಿಲಿಮೀಟರ್ ಕೂಡ ಇರುವುದಿಲ್ಲ, ಸ್ಕ್ರೂವೇ ದಪ್ಪ. ಅಂಥಲ್ಲಿ ಬೇಕೆಂದೇ ಪಕ್ಕೆಲುಬಿನ ಕಡೆಗೆ ತುಸು ಹೊರಗೆ ಹಾಯಿಸಿ ಮತ್ತೆ ಒಳಗೆ ತರುವುದುಂಟು. ಸ್ಕ್ಯಾನ್‌ನಲ್ಲಿ ಅದೂ ಹೊರಗಿದ್ದಂತೆಯೇ ಕಾಣುತ್ತದೆ. ಪೆಡಿಕಲ್‌ನ ಒಳಗೋಡೆ ಒಡೆದರೆ ಮಾತು ಬೇರೆ: ಬೆನ್ನುಹುರಿ ಆ ಮಗ್ಗುಲಿಗೇ ಸರಿದಿರುತ್ತದೆ. ಎಡಗಡೆ ಮುಂದಕ್ಕೆ ಹೋದರೆ ಮಹಾಪಧಮನಿ. ನನಗೆ ಭಯವಿರುವುದು ಇವೆರಡರದ್ದೇ.

ಅಜ್ಜಿ: ಇದನ್ನೆಲ್ಲ ಮಗು ಓದುತ್ತಿದೆ. ಸಾಕು ಮಾಡಿ.

ನಾನು: ಓದುತ್ತಿದ್ದೇನೆ ಅಜ್ಜಿ. ಅತ್ತೆ, ನೀವು ಬರೆಯಿರಿ.

ಅಕ್ಕ: ಇದಕ್ಕೇ ನಾನು ರೋಬೋಟ್ ಇರುವ ಆಸ್ಪತ್ರೆ ಎಂದದ್ದು.

ಅತ್ತೆ: ಒಳ್ಳೆಯ ಸಾಧನವೇ, ಬೇಡ ಎನ್ನುವುದಿಲ್ಲ. ಆದರೆ ಅದು ಸ್ಕ್ಯಾನ್‌ನಿಂದ ಮಾಡಿದ ನಕ್ಷೆ ನೋಡಿ ದಾರಿ ತೋರಿಸುತ್ತದೆ. ಸ್ಕ್ಯಾನ್ ಆದ ಮೇಲೆ ಎಲುಬಿಗೆ ಬಿಗಿದ ಗುರುತಿನ ಚೌಕಟ್ಟು ಅಲುಗಿದರೆ ನಕ್ಷೆಯೇ ಸುಳ್ಳಾಗುತ್ತದೆ. ಬೆಳೆಯುವ ಹುಡುಗಿಗೆ ವಿಕಿರಣದ ಲೆಕ್ಕವೂ ಇದೆ. ನಾನಾದರೆ ಕೇಳುವುದೇ ಬೇರೆ. ತಪ್ಪಿದ್ದು ಅವಳು ಮೇಜಿನ ಮೇಲಿರುವಾಗಲೇ ತಿಳಿಯುತ್ತದೆಯೇ? ರಂಧ್ರದ ಗೋಡೆಗಳನ್ನು ಕಡ್ಡಿಯಿಂದ ತಡವಿ ನೋಡುತ್ತಾರೆಯೇ? ನರದ ಸಂಕೇತಗಳನ್ನು ಉದ್ದಕ್ಕೂ ಗಮನಿಸಲು ಒಬ್ಬರು ಕೂರುತ್ತಾರೆಯೇ? ಸಂಕೇತ ಕುಗ್ಗಿದರೆ ಏನು ಮಾಡುತ್ತಾರೆ? ಹೊಲಿಗೆ ಹಾಕುವ ಮೊದಲು ಚಿತ್ರ ತೆಗೆದು ನೋಡುತ್ತಾರೆಯೇ?

ದೊಡ್ಡಪ್ಪ: ಇಷ್ಟನ್ನೂ ನಾನೇ ಕೇಳುತ್ತೇನೆ.

ಅಪ್ಪ: ಮಂಗಳವಾರ 11 ಗಂಟೆಗೆ ಡಾಕ್ಟರ ಭೇಟಿ. ಬಾ ದೊಡ್ಡಣ್ಣ. ಆ ಹಳದಿ ಪುಟ ಮಾತ್ರ ಮನೆಯಲ್ಲೇ ಇರಲಿ.

(ಬೆಳಿಗ್ಗೆಯಿಂದ ಅಪ್ಪ ಬರೆದದ್ದು ಇದೊಂದೇ.)

ದೊಡ್ಡಪ್ಪ: ತರುತ್ತೇನೆ. ಈಗ 4.2ಕ್ಕೂ ಬಣ್ಣ ಬಳಿದಿದ್ದೇನೆ.